ಬ್ಯಾಡಗಿಯ ದಲಾಲಿ ಅಂಗಡಿಯ ಲೆಕ್ಕ ಕ್ಲೌಡಿಗೆ ಹೋದರೆ ಕೀಲಿಕೈ ಯಾರ ಹತ್ತಿರ ಇರಬೇಕು?

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ, ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಆಫೀಸು. ಲೆಕ್ಕ-ವ್ಯವಹಾರದ ಇಆರ್‌ಪಿನೆಕ್ಸ್ಟ್ ಸಾಫ್ಟ್‌ವೇರನ್ನು ಅಂಗಡಿಯ ಡೆಸ್ಕ್‌ಟಾಪ್ ಒಂದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿ ನಡೆಸುತ್ತಿದ್ದೇವೆ. ಎಂಟು ಜನ ಬಳಸುತ್ತಾರೆ. ಹೋದ ಸೀಜನ್ನಿನಲ್ಲಿ ಎರಡು ಸಲ ಕೈಕೊಟ್ಟಿತು. ಸಾಫ್ಟ್‌ವೇರ್ ನೋಡಿಕೊಳ್ಳುವ ಹುಡುಗ "ಕ್ಲೌಡ್‌ನಲ್ಲಿ ಲಿನಕ್ಸ್ ವಿಎಂ ತಗೊಳ್ಳೋಣ್ರೀ, ಅರ್ಧ ದಿನದ ಕೆಲಸ, ಟ್ಯಾಲಿನೂ ಅದರಾಗೇ ಹಾಕೋಣು" ಅನ್ನುತ್ತಾನೆ. ಎಷ್ಟು ದೊಡ್ಡ ಯಂತ್ರ ಬೇಕು? ಯಾವ ಕಂಪನಿ? ನಮ್ಮ ಲೆಕ್ಕ ಅಲ್ಲಿ ಸುರಕ್ಷಿತವೇ?

ಉತ್ತರ: ಹುಡುಗ ಹೇಳಿದ್ದು ಅರ್ಧ ಸರಿ. ವಿಎಂ ಅಂದರೆ ವರ್ಚುವಲ್ ಯಂತ್ರ. ಯಾರದೋ ದೊಡ್ಡ ಸರ್ವರಿನಲ್ಲಿ ನಿಮ್ಮ ಹೆಸರಿಗೆ ಬೇರೆ ಮಾಡಿಕೊಟ್ಟ ಒಂದು ಪಾಲು. ಅದನ್ನು ಎಬ್ಬಿಸಿ ನಿಲ್ಲಿಸಲು ಅರ್ಧ ದಿನವೂ ಬೇಡ, ಚಹಾ ಆರುವುದರೊಳಗೆ ಆಗುತ್ತದೆ. ಇಆರ್‌ಪಿನೆಕ್ಸ್ಟ್ ಹಾಕಿ, ಹಳೆಯ ಡೇಟಾ ಏರಿಸಿ, ಬ್ರೌಸರಿನಲ್ಲಿ ತೆರೆದು ತೋರಿಸುವುದು ಅರ್ಧ ದಿನ. ಅವನು ಹೇಳದೆ ಬಿಟ್ಟದ್ದು ಅದರ ಮುಂದಿನ ಐದು ವರ್ಷ. ಇಷ್ಟು ದಿನ ನಿಮ್ಮ ಕಿರ್ದಿ-ಖಾತೆ ಟೇಬಲ್ಲಿನ ಕೆಳಗೆ, ಕಣ್ಣಿಗೆ ಕಾಣುವ ಪೆಟ್ಟಿಗೆಯಲ್ಲಿತ್ತು. ಅಂಗಡಿಗೆ ಕೀಲಿ ಹಾಕಿದರೆ ಅದಕ್ಕೂ ಬಿದ್ದಂತೆ. ನಾಳೆ ಅದು ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇರುತ್ತದೆ, ನಿಮ್ಮ ಕೈಯಲ್ಲಿ ಉಳಿಯುವುದು ಒಂದು ಇಮೇಲ್, ಒಂದು ಪಾಸ್‌ವರ್ಡ್, ಒಂದು ಕಾರ್ಡ್. ಅದಕ್ಕೇ, ಯಂತ್ರದ ಗಾತ್ರಕ್ಕಿಂತ ಮೊದಲು ನೀವು ಕೇಳದೇ ಇರುವ ವಿಷಯದಿಂದ ಶುರುಮಾಡುತ್ತೇನೆ.

ಕ್ಲೌಡ್ ಖಾತೆ ಯಾರ ಹೆಸರಿನಲ್ಲಿ ತೆರೆಯುತ್ತೀರಿ? ಹುಡುಗ ಒಳ್ಳೆಯವನೇ ಇರಬಹುದು. ತನ್ನ ಇಮೇಲಿನಿಂದ, ತನ್ನ ಕಾರ್ಡಿನಿಂದ ತೆರೆದು "ತಿಂಗಳಿಗೆ ಇಷ್ಟು ಕೊಡ್ರಿ ಸಾಕು" ಅನ್ನುತ್ತಾನೆ. ಗದಗಿನ ಒಂದು ಮುದ್ರಣಾಲಯದವರು ಹೀಗೇ ಒಪ್ಪಿಕೊಂಡಿದ್ದರು. ಹುಡುಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಫೋನ್ ನಂಬರ್ ಬದಲಾಯಿತು, ಕಾರ್ಡಿನ ಅವಧಿ ಮುಗಿಯಿತು. ಬಿಲ್ ಕಟ್ಟಿಲ್ಲವೆಂಬ ನೋಟಿಸುಗಳೆಲ್ಲ ಅವನ ಹಳೆಯ ಇಮೇಲಿಗೆ ಹೋಗುತ್ತಿದ್ದವು, ಅದನ್ನು ಅವನು ತೆರೆಯುತ್ತಲೇ ಇರಲಿಲ್ಲ. ಖಾತೆ ಮೊದಲು ಅಮಾನತಾಯಿತು, ಆಮೇಲೆ ಯಂತ್ರವೂ ಹೋಯಿತು, ಅದರ ಡಿಸ್ಕೂ ಹೋಯಿತು. ನನ್ನ ಹತ್ತಿರ ಬಂದಾಗ ಉಳಿದಿದ್ದದ್ದು ಆಡಿಟರ್‌ಗೆ ಕಳಿಸಿದ್ದ ಎಕ್ಸೆಲ್ ಹಾಳೆಗಳಷ್ಟೆ. ಕ್ಲೌಡ್ ಕಂಪನಿಗೆ ಫೋನ್ ಮಾಡಿ "ಇದು ನಮ್ಮ ಡೇಟಾ" ಅಂದರೆ ಅವರು ಕೇಳುವುದು ಒಂದೇ ಪ್ರಶ್ನೆ: ಖಾತೆಯ ಇಮೇಲ್ ಯಾವುದು? ಆ ಉತ್ತರ ನಿಮ್ಮದಲ್ಲದಿದ್ದರೆ ಡೇಟಾವೂ ನಿಮ್ಮದಲ್ಲ.

ಹಾಗಾಗಿ ಅಂಗಡಿಯ ಹೆಸರಿನಲ್ಲೇ ಒಂದು ಇಮೇಲ್ ಮಾಡಿ. ಮೂಲ ಖಾತೆ, ಅಂದರೆ ರೂಟ್ ಖಾತೆ, ಅದರಿಂದಲೇ ತೆರೆಯಲಿ. ಎರಡನೇ ಹಂತದ ಕೋಡ್ ನಿಮ್ಮ ಫೋನಿಗೆ ಬರಲಿ, ಮರುಪ್ರಾಪ್ತಿಯ ಕೋಡ್‌ಗಳನ್ನು ಕಾಗದದ ಮೇಲೆ ತೆಗೆದು ತಿಜೋರಿಯಲ್ಲಿಡಿ. ತಿಜೋರಿ ಅಂದದ್ದು ಮಾತಿಗಲ್ಲ, ನಿಜವಾದ ತಿಜೋರಿ. ಹುಡುಗನಿಗೆ ಅದರೊಳಗೆ ಬೇರೆ ಬಳಕೆದಾರನನ್ನು ಮಾಡಿಕೊಡಿ: ಯಂತ್ರ ನಡೆಸಲಿ, ನಿಲ್ಲಿಸಲಿ, ಆದರೆ ಬಿಲ್ಲಿಂಗ್ ಮತ್ತು ಖಾತೆ ಮುಚ್ಚುವ ಅಧಿಕಾರ ಬೇಡ. ಅವನಿಗೆ ಇದರಿಂದ ಬೇಜಾರಾಗುತ್ತದೆ ಅನ್ನಿಸಿದರೆ, ಲಕ್ಷ್ಮೀಪೂಜೆಯ ದಿನ ಹೊಸ ಖಾತೆಪುಸ್ತಕವನ್ನು ಗುಮಾಸ್ತನ ಮನೆಯಲ್ಲಿಟ್ಟು ಪೂಜೆ ಮಾಡುತ್ತೀರಾ ಎಂದು ಕೇಳಿ. ಖಾತೆಯ ತೆರಿಗೆ ಪುಟದಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆಯನ್ನೂ ತುಂಬಿ. ಬಿಲ್ಲಿನ ಮೇಲೆ 18% ತೆರಿಗೆ ಇದೆ, ಸಂಖ್ಯೆ ಇಲ್ಲದೆ ಕಟ್ಟಿದ ಆ ತೆರಿಗೆ ನಿಮ್ಮ ಜಿಎಸ್‌ಟಿ ಲೆಕ್ಕಕ್ಕೆ ಜಮೆಯಾಗುವುದಿಲ್ಲ. ಅದೇ ದಿನ ಬಜೆಟ್ ಎಚ್ಚರಿಕೆಯನ್ನೂ ಹಾಕಿಸಿ, ತಿಂಗಳ ಖರ್ಚು ನೀವು ಹೇಳಿದ ಮೊತ್ತ ದಾಟಿದರೆ ಇಮೇಲ್ ಬರುತ್ತದೆ. ಆದರೆ ಆ ಎಚ್ಚರಿಕೆ ಹೇಳುತ್ತದೆಯೇ ಹೊರತು ಖರ್ಚು ನಿಲ್ಲಿಸುವುದಿಲ್ಲ. ಬಹಳ ಜನ ಇಲ್ಲಿ ಮೋಸಹೋಗುತ್ತಾರೆ.

ಟ್ಯಾಲಿಯದು ಬೇಗ ಮುಗಿಯುವ ಮಾತು. ಟ್ಯಾಲಿಪ್ರೈಮ್ ವಿಂಡೋಸ್ ಸಾಫ್ಟ್‌ವೇರ್. ಲಿನಕ್ಸ್ ವಿಎಂನಲ್ಲಿ ನೇರವಾಗಿ ನಡೆಯುವುದಿಲ್ಲ. ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್‌ನಂಥ ಉಪಾಯ ಮಾಡಿ ತೋರಿಸುವವರಿದ್ದಾರೆ. ಮಾರ್ಚ್ 31ರ ರಾತ್ರಿ ಅದು ನಿಂತರೆ ಯಾರನ್ನು ಕೇಳುತ್ತೀರಿ? ಟ್ಯಾಲಿ ಬೇಕೇಬೇಕಿದ್ದರೆ ಅದಕ್ಕೆ ಬೇರೆ ವಿಂಡೋಸ್ ಯಂತ್ರ, ಇಲ್ಲವೇ ಈಗಿರುವ ಕಡೆಯೇ ಇರಲಿ. ನಿಮ್ಮ ದಲಾಲಿ ಲೆಕ್ಕವೆಲ್ಲ ಇಆರ್‌ಪಿನೆಕ್ಸ್ಟ್‌ನಲ್ಲಿದ್ದು, ಟ್ಯಾಲಿ ಆಡಿಟರ್ ಸಲುವಾಗಿ ಮಾತ್ರ ಇದ್ದರೆ, ತಿಂಗಳಿಗೊಮ್ಮೆ ಡೇಟಾ ಹೊರತೆಗೆದು ಕೊಟ್ಟರೆ ಸಾಕು.

ಇನ್ನು ಊರು. ದೊಡ್ಡ ಕ್ಲೌಡ್ ಕಂಪನಿಗಳ ಸರ್ವರ್ ಕೇಂದ್ರ ಹುಬ್ಬಳ್ಳಿಯಲ್ಲಿಲ್ಲ, ಬೆಳಗಾವಿಯಲ್ಲೂ ಇಲ್ಲ. ಅಮೆಜಾನ್‌ನವರದು 2016ರಿಂದ ಮುಂಬೈಯಲ್ಲಿ, 2022ರಿಂದ ಹೈದರಾಬಾದಿನಲ್ಲೂ ಇದೆ. ಮೈಕ್ರೋಸಾಫ್ಟ್‌ನವರು 2015ರಲ್ಲೇ ಪುಣೆ, ಚೆನ್ನೈ, ಮುಂಬೈಗಳಲ್ಲಿ ಶುರುಮಾಡಿದರು. ಗೂಗಲ್ 2017ರಲ್ಲಿ ಮುಂಬೈಗೆ, 2021ರಲ್ಲಿ ದೆಹಲಿಗೆ ಬಂತು. ಡಿಜಿಟಲ್‌ಓಷನ್‌ನದು 2016ರಿಂದ ಬೆಂಗಳೂರಿನಲ್ಲಿದೆ. ಇವುಗಳಲ್ಲಿ ಯಾವುದಾದರೂ ನಿಮಗೆ ನಡೆಯುತ್ತದೆ. ಹುಡುಗನ ಕೈ ಯಾವುದಕ್ಕೆ ಪಳಗಿದೆಯೋ ಅದನ್ನೇ ಆರಿಸಿ, ಕಂಪನಿ-ಕಂಪನಿ ಹೋಲಿಸುತ್ತ ಒಂದು ವಾರ ಕಳೆಯಬೇಡಿ. ನೋಡಬೇಕಾದದ್ದು ಒಂದೇ: ಯಂತ್ರ ಎಬ್ಬಿಸುವಾಗ ಪರದೆಯ ಮೂಲೆಯಲ್ಲಿ ಪ್ರದೇಶದ ಹೆಸರು ಇರುತ್ತದೆ, ಹೊಸ ಖಾತೆಯಲ್ಲಿ ಅದು ಎಷ್ಟೋ ಸಲ ಅಮೆರಿಕದ ವರ್ಜೀನಿಯಾ ಎಂದೇ ತೋರಿಸುತ್ತದೆ. ನೋಡದೆ ಮುಂದೆ ಒತ್ತಿದರೆ ನಿಮ್ಮ ಮೆಣಸಿನಕಾಯಿ ಲೆಕ್ಕ ಸಮುದ್ರದಾಚೆ ಕೂತಿರುತ್ತದೆ. ಗಾಜಿನ ತಂತಿಯೊಳಗೆ ಬೆಳಕು ಓಡುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ವರ್ಜೀನಿಯಾಕ್ಕೆ ಹೋಗಿ ಬರುವುದೆಂದರೆ 25 ಸಾವಿರ ಕಿಲೋಮೀಟರಿಗೂ ಮಿಗಿಲು. ಪ್ರತಿ ಕ್ಲಿಕ್ಕಿಗೂ ಸೆಕೆಂಡಿನ ಎಂಟನೇ ಒಂದು ಪಾಲು ದಾರಿಯಲ್ಲೇ ಹೋಯಿತು, ಒಂದು ಪುಟ ತೆರೆಯಲು ಇಂಥ ಹಲವು ಸುತ್ತು ಬೇಕು. ಮುಂಬೈ ಆದರೆ ಈ ಲೆಕ್ಕ ಕೆಲವೇ ಮಿಲಿಸೆಕೆಂಡಿನದು, ದಾರಿ ಬೆಂಗಳೂರು ಸುತ್ತಿ ಹೋದರೂ ಅಂಗಡಿಯ ಹುಡುಗರಿಗೆ ಗೊತ್ತಾಗುವುದಿಲ್ಲ.

ಕಾನೂನಿನ ದೃಷ್ಟಿಯಿಂದಲೂ ಭಾರತವೇ ಬೇಕು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ, ಲೆಕ್ಕಪುಸ್ತಕದ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನ ಇರಬೇಕೆಂದು 2022ರಲ್ಲಿ ಕಂಪನಿ ನಿಯಮ ಬದಲಾಗಿದೆ. 2023ರ ಏಪ್ರಿಲ್ 1ರಿಂದ ಯಾರು ಯಾವ ನಮೂದನ್ನು ಯಾವಾಗ ತಿದ್ದಿದರು ಎಂಬ ದಾಖಲೆ ಉಳಿಸುವ ಸಾಫ್ಟ್‌ವೇರನ್ನೇ ಬಳಸಬೇಕು, ಆ ದಾಖಲೆ ಬರೆಯುವುದನ್ನು ಬಂದ್ ಮಾಡಿಡುವಂತಿಲ್ಲ. ಪಾಲುದಾರಿಕೆ ಅಂಗಡಿಗೆ ಇವೆರಡೂ ಅನ್ವಯಿಸುವುದಿಲ್ಲ. ಆದರೆ ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಕಾಪಾಡುವುದು ಎಲ್ಲರ ಮೇಲೂ ಇದೆ. ಆರು ವರ್ಷ ಅಂದರೆ ಈಗಿನ ಯಂತ್ರವೂ ಹುಡುಗನೂ ಬಹುಶಃ ಅಲ್ಲಿರುವುದಿಲ್ಲ ಎಂದು ಲೆಕ್ಕ ಹಾಕಿ ಯೋಚಿಸಿ.

ಗಾತ್ರಕ್ಕೆ ಬರೋಣ. ಎಂಟು ಜನ, ಇಆರ್‌ಪಿನೆಕ್ಸ್ಟ್: 4 ಜಿಬಿ ಮೆಮೊರಿ, 2 ಸಿಪಿಯು ಕನಿಷ್ಠ. 2 ಜಿಬಿಯಲ್ಲಿ ನಡೆಯುತ್ತದೆ ಎನ್ನುವವರನ್ನು ನಂಬಬೇಡಿ. ಒಳಗೆ ಡೇಟಾಬೇಸ್ ನಡೆಸುವ ಮಾರಿಯಾಡಿಬಿ, ತಾತ್ಕಾಲಿಕ ನೆನಪಿನ ರೆಡಿಸ್, ಪೈಥಾನ್ ಭಾಷೆಯಲ್ಲಿ ಬರೆದ ಕೆಲಸಗಾರ ಪ್ರೋಗ್ರಾಂಗಳು ಎಲ್ಲರೂ ಒಂದೇ ಕೋಣೆಯಲ್ಲಿ, ಅಂದರೆ ಅದೇ ಮೆಮೊರಿಯಲ್ಲಿ, ಕೂತಿರುತ್ತಾರೆ. ಜಾಗ ಸಾಲದಾದಾಗ ಲಿನಕ್ಸ್ ತಾನೇ ಒಬ್ಬರನ್ನು ಹೊರದಬ್ಬುತ್ತದೆ, ಹೆಚ್ಚಾಗಿ ಎಲ್ಲರಿಗಿಂತ ದಪ್ಪನೆಯವನನ್ನು. ಅವನೇ ಮಾರಿಯಾಡಿಬಿ, ನಿಮ್ಮ ಲೆಕ್ಕವೆಲ್ಲ ಅವನ ಹತ್ತಿರವೇ ಇರುವುದು. ಮೆಮೊರಿ ಸಾಲದಾದಾಗ ಡಿಸ್ಕಿನ ಜಾಗ ಬಳಸಿಕೊಳ್ಳುವ ಸ್ವಾಪ್ ಫೈಲನ್ನೂ 2ರಿಂದ 4 ಜಿಬಿ ಮಾಡಿಸಿ. ಬಹಳಷ್ಟು ಕ್ಲೌಡ್ ಯಂತ್ರಗಳು ಸ್ವಾಪ್ ಇಲ್ಲದೆಯೇ ಬರುತ್ತವೆ.

ಅಗ್ಗದ ಯಂತ್ರಗಳಲ್ಲಿ ಒಂದು ಮರ್ಮವಿದೆ. ಅಮೆಜಾನ್‌ನ ಟಿ3.ಮೀಡಿಯಮ್ ತೆಗೆದುಕೊಳ್ಳಿ: 2 ಸಿಪಿಯು, 4 ಜಿಬಿ ಅಂತ ಬರೆದಿರುತ್ತದೆ. ಆದರೆ ದಿನವಿಡೀ ನಿಮಗೆ ಸಲ್ಲುವುದು ಪ್ರತಿ ಸಿಪಿಯುವಿನ 20% ಮಾತ್ರ. ಸುಮ್ಮನಿದ್ದಾಗ ಗಂಟೆಗೆ 24 ಕ್ರೆಡಿಟ್ ಜಮೆಯಾಗುತ್ತದೆ. ಒಂದು ಕ್ರೆಡಿಟ್ ಅಂದರೆ ಒಂದು ಸಿಪಿಯುವನ್ನು ಒಂದು ನಿಮಿಷ ಪೂರ್ತಿ ಓಡಿಸುವ ಹಕ್ಕು. ಹುಬ್ಬಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಳ ಬಂದ ದಿನ ಸಂಪು, ಟ್ಯಾಂಕಿ, ಕೊಡ ಎಲ್ಲ ತುಂಬಿಟ್ಟುಕೊಂಡು ಮುಂದಿನ ನಳದ ತನಕ ನಡೆಸುವ ಸಂಸಾರ ಅದು. ಟೆಂಡರ್ ನಡೆಯುವ ಸೋಮವಾರ, ಗುರುವಾರ ಬಿಟ್ಟು ಉಳಿದ ದಿನ ನಿಮ್ಮ ಸಂಪು ತುಂಬುತ್ತಲೇ ಇರುತ್ತದೆ. ಟೆಂಡರ್ ದಿನ ಮಧ್ಯಾಹ್ನ ಫಲಿತಾಂಶ ಬಂದ ಮೇಲೆ ಎಂಟೂ ಜನ ಒಟ್ಟಿಗೆ ಲಾಟ್ ನಂಬರು, ಚೀಲ, ತೂಕ, ದರ ಹೊಡೆಯಲು ಕೂತು, ರೈತರು ಪಟ್ಟಿಗಾಗಿ, ಅಂದರೆ ಮಾರಾಟದ ಲೆಕ್ಕದ ಚೀಟಿಗಾಗಿ, ಕಾಯುತ್ತ ನಿಂತಾಗ ಸಂಪಿನ ನೀರು ಪೂರ್ತಿ ಬಿಟ್ಟಂತೆ. ಸಂಪು ಖಾಲಿಯಾದ ಮೇಲೆ ಎರಡರಲ್ಲಿ ಒಂದಾಗುತ್ತದೆ: ಯಂತ್ರ ಎತ್ತಿನ ಬಂಡಿಯಾಗುತ್ತದೆ, ಇಲ್ಲವೇ ಟ್ಯಾಂಕರ್ ತರಿಸಿದಂತೆ ಹೆಚ್ಚುವರಿ ಬಿಲ್ ಬರುತ್ತದೆ. ಟಿ3ಯಲ್ಲಿ ಬೇರೆ ಹೇಳದಿದ್ದರೆ ಎರಡನೆಯದು. ವಾರದಲ್ಲಿ ಎರಡು ದಿನದ ಗದ್ದಲಕ್ಕೆ ಈ ವ್ಯವಸ್ಥೆ ಕೆಟ್ಟದ್ದಲ್ಲ. ನಿಮ್ಮ ವ್ಯಾಪಾರದ ಲಯಕ್ಕೆ ಸರಿಯಾಗಿ ಹೊಂದುತ್ತದೆ ಎಂದೇ ನನ್ನ ಅಭಿಪ್ರಾಯ. ಆದರೆ ಒಂದು ತಿಂಗಳು ಕ್ರೆಡಿಟ್‌ನ ಗ್ರಾಫನ್ನು ಗುರುವಾರ ಸಂಜೆ ತೆರೆದು ನೋಡಿ. ಸಂಪಿನ ತಳ ಕಾಣುತ್ತಿದ್ದರೆ ಒಂದು ಮೆಟ್ಟಿಲು ಮೇಲಕ್ಕೆ ಹೋಗಿ.

ಮೇಲಕ್ಕೆ ಹೋಗುವುದು, ಕೆಳಗಿಳಿಯುವುದು ಇಲ್ಲಿ ಸುಲಭ. ನಿಮಗೆ ಕ್ಲೌಡಿನ ನಿಜವಾದ ಲಾಭ ಇರುವುದೂ ಇದರಲ್ಲೇ. ಜನವರಿಯಿಂದ ಏಪ್ರಿಲ್ ತನಕ ಒಂದೊಂದು ದಿನ ಬ್ಯಾಡಗಿ ಮಾರುಕಟ್ಟೆಗೆ ಲಕ್ಷದ ಲೆಕ್ಕದಲ್ಲಿ ಚೀಲ ಬರುತ್ತದೆ, ಕಡ್ಡಿ, ಡಬ್ಬಿ, ಗುಂಟೂರು ತಳಿ ಎಲ್ಲ ಸೇರಿ. ಆಗಸ್ಟಿನಲ್ಲಿ ಕೋಲ್ಡ್ ಸ್ಟೋರೇಜಿನ ಮಾಲು ಬಿಟ್ಟರೆ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಡೆಸ್ಕ್‌ಟಾಪ್ ಆದರೆ ಸೀಜನ್ನಿಗೆ ತಕ್ಕಷ್ಟು ದೊಡ್ಡದನ್ನು ಕೊಂಡು ಎಂಟು ತಿಂಗಳು ಸುಮ್ಮನೆ ಇಡಬೇಕು. ವಿಎಂ ಆದರೆ ಡಿಸೆಂಬರ್ ಕೊನೆಯ ಭಾನುವಾರ ನಿಲ್ಲಿಸಿ, ಗಾತ್ರ 8 ಜಿಬಿಗೆ ಬದಲಿಸಿ, ಮತ್ತೆ ಎಬ್ಬಿಸಿ: ಐದು-ಹತ್ತು ನಿಮಿಷ. ಮೇ ತಿಂಗಳಲ್ಲಿ ಮತ್ತೆ 4ಕ್ಕೆ ಇಳಿಸಿ. ಎರಡು ಎಚ್ಚರ ಬೇಕು. ಸ್ಥಿರ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಯಂತ್ರದ ಬದಲಾಗದ ವಿಳಾಸ, ತೆಗೆದುಕೊಂಡಿರದಿದ್ದರೆ, ಅಮೆಜಾನ್‌ನಲ್ಲಿ ನಿಲ್ಲಿಸಿ ಎಬ್ಬಿಸಿದ ಕೂಡಲೇ ವಿಳಾಸ ಬದಲಾಗಿ ಯಾರಿಗೂ ಸಾಫ್ಟ್‌ವೇರ್ ತೆರೆಯುವುದಿಲ್ಲ. ಮತ್ತು ಡಿಸ್ಕನ್ನು ದೊಡ್ಡದು ಮಾಡಬಹುದು, ಚಿಕ್ಕದು ಮಾಡಲಾಗದು. "ಇರಲಿ ಬಿಡ್ರಿ" ಅಂತ ಮೊದಲ ದಿನವೇ 500 ಜಿಬಿ ತೆಗೆದುಕೊಂಡರೆ ಅದಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಲೇ ಇರಬೇಕು. 50 ಜಿಬಿಯಿಂದ ಶುರುಮಾಡಿ.

ಬಾಡಿಗೆಯ ಅಂದಾಜಿಗೆ ಹೇಳುವುದಾದರೆ, ಡಿಜಿಟಲ್‌ಓಷನ್‌ನಲ್ಲಿ 2 ಸಿಪಿಯು, 4 ಜಿಬಿ ಸಾಮಾನ್ಯ ಯಂತ್ರ ತಿಂಗಳಿಗೆ 24 ಡಾಲರ್. ಅಮೆಜಾನ್‌ನಲ್ಲಿ ಯಂತ್ರ, ಡಿಸ್ಕ್, ಐಪಿ, ಹೊರಹೋಗುವ ಡೇಟಾ ಎಲ್ಲಕ್ಕೂ ಬೇರೆ ಬೇರೆ ಸಾಲು. ಐಪಿ ವಿಳಾಸಕ್ಕೂ 2024ರ ಫೆಬ್ರವರಿಯಿಂದ ಗಂಟೆಗೆ ಅರ್ಧ ಸೆಂಟ್ ಇದೆ, ತಿಂಗಳಿಗೆ ಮೂರೂವರೆ ಡಾಲರ್ ಮೇಲೆ. ನಿಲ್ಲಿಸಿದ ಯಂತ್ರಕ್ಕೂ ಡಿಸ್ಕಿನ ಬಾಡಿಗೆ ಓಡುತ್ತಿರುತ್ತದೆ. ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಇನ್ನೊಂದು ತಿರುವು: ಲಿನಕ್ಸ್‌ನ ಒಳಗಿನಿಂದ ಯಂತ್ರ ಬಂದ್ ಮಾಡಿದರೆ ಅದು ಬಂದ್ ಆದಂತೆ ಕಂಡರೂ ಬಾಡಿಗೆ ನಿಲ್ಲುವುದಿಲ್ಲ, ಪೋರ್ಟಲಿನಲ್ಲಿ ಹೋಗಿ ನಿಲ್ಲಿಸಿ ಬಿಟ್ಟುಕೊಟ್ಟರೆ ಮಾತ್ರ ನಿಲ್ಲುತ್ತದೆ.

ಲಿನಕ್ಸ್ ಯಾವುದು? ಉಬುಂಟುವಿನ ಎಲ್‌ಟಿಎಸ್, ಅಂದರೆ ದೀರ್ಘಕಾಲ ಬೆಂಬಲವಿರುವ ಆವೃತ್ತಿ, ಸಾಕು. ಹೊಸತೇ ಬೇಕೆಂಬ ಹಟ ಬೇಡ. ನಿಮ್ಮ ಇಆರ್‌ಪಿನೆಕ್ಸ್ಟ್ ಆವೃತ್ತಿ ಯಾವ ಪೈಥಾನ್ ಕೇಳುತ್ತದೆ ಎಂದು ನೋಡಿ ಆರಿಸಲಿ. ಉಬುಂಟು 22.04ರಲ್ಲಿ ಪೈಥಾನ್ 3.10 ಬರುತ್ತದೆ, 24.04ರಲ್ಲಿ 3.12. ಮೊದಲನೆಯದಕ್ಕೆ ಸಾಮಾನ್ಯ ಬೆಂಬಲ 2027ರ ತನಕ, ಎರಡನೆಯದಕ್ಕೆ 2029ರ ತನಕ. ಯಾರಾದರೂ ಸೆಂಟ್‌ಒಎಸ್ 7 ಅಂದರೆ ಬೇಡ ಅನ್ನಿ, 2024ರ ಜೂನ್ 30ಕ್ಕೆ ಅದರ ಕಾಲ ಮುಗಿಯಿತು.

ಭದ್ರತೆಯ ಬಗ್ಗೆ ಮಾತಿಗಿಂತ ಒಂದು ಪ್ರಯೋಗ ಮಾಡಿ. ಹೊಸ ಯಂತ್ರ ಎಬ್ಬಿಸಿ, ಯಾರಿಗೂ ವಿಳಾಸ ಹೇಳದೆ, ಊಟ ಮಾಡಿ ಬಂದು ಲಾಗಿನ್ ದಾಖಲೆ ತೆರೆಯಲು ಹುಡುಗನಿಗೆ ಹೇಳಿ. ಸಾಲು ಸಾಲಾಗಿ ಬಾಗಿಲು ತಟ್ಟಿದವರು ಕಾಣುತ್ತಾರೆ: ರೂಟ್ ಎಂಬ ಹೆಸರಿನಲ್ಲಿ ಒಂದು, ಅಡ್ಮಿನ್ ಎಂದು ಒಂದು, ಒರಾಕಲ್, ಟೆಸ್ಟ್, ಉಬುಂಟು, ಮತ್ತೆ ರೂಟ್. ಯಾರಿಗೂ ನಿಮ್ಮ ಮೇಲೆ ದ್ವೇಷವಿಲ್ಲ. ಇಂಟರ್ನೆಟ್ಟಿನ ಎಲ್ಲ ವಿಳಾಸಗಳಿಗೂ ಹೀಗೆ ತಟ್ಟುತ್ತ ಹೋಗುವ ಯಂತ್ರಗಳವು. ಒಂದು ದುರ್ಬಲ ಪಾಸ್‌ವರ್ಡ್ ಸಾಕು, ಮರುದಿನದಿಂದ ನಿಮ್ಮ ಸಿಪಿಯು ಯಾರದೋ ಕ್ರಿಪ್ಟೊ ಅಗೆಯುತ್ತಿರುತ್ತದೆ. ಆದ್ದರಿಂದ ಎಸ್‌ಎಸ್‌ಎಚ್ ಪ್ರವೇಶಕ್ಕೆ, ಅಂದರೆ ದೂರದಿಂದ ಯಂತ್ರದೊಳಗೆ ಹೋಗುವ ದಾರಿಗೆ, ಪಾಸ್‌ವರ್ಡನ್ನೇ ತೆಗೆದುಹಾಕಿ ಕೀಲಿಕೈ ಫೈಲ್ ಮಾತ್ರ ಇಡಬೇಕು, ಲಿನಕ್ಸ್‌ನ ಸರ್ವಾಧಿಕಾರಿಯಾದ ರೂಟ್ ಹೆಸರಿನಲ್ಲಿ ನೇರ ಪ್ರವೇಶ ಮುಚ್ಚಬೇಕು. ಒಬ್ಬೊಬ್ಬರಿಗೂ ಬೇರೆ ಕೀಲಿಕೈ ಇರಲಿ, ಒಂದನ್ನೇ ವಾಟ್ಸಾಪಿನಲ್ಲಿ ಹಂಚಿಕೊಳ್ಳುವುದು ಬೇಡ. ಆಗ ಹುಡುಗ ಬಿಟ್ಟುಹೋದ ದಿನ ಅವನ ಒಂದು ಸಾಲು ಅಳಿಸಿದರೆ ಮುಗಿಯಿತು.

ಹೊರಗಿನ ಜಗತ್ತಿಗೆ ತೆರೆದಿರಬೇಕಾದ ಬಾಗಿಲು, ಅಂದರೆ ಪೋರ್ಟ್, ಎರಡೇ: ಬ್ರೌಸರ್ ಬಳಸುವ 443 ಮತ್ತು 80. ಎಸ್‌ಎಸ್‌ಎಚ್‌ನ 22 ನಿಮ್ಮವರಿಗೆ ಮಾತ್ರ. ಮಾರಿಯಾಡಿಬಿಯ 3306, ರೆಡಿಸ್‌ನ 6379 ಹೊರಗೆ ಕಾಣಲೇಬಾರದು. ಈ ಬೇಲಿಯನ್ನು ಯಂತ್ರದೊಳಗಿನ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯೂ ಮೇಲಷ್ಟೇ ಬಿಡದೆ ಕ್ಲೌಡ್ ಕಂಪನಿಯ ಫೈರ್‌ವಾಲಿನಲ್ಲಿ ಹಾಕಿಸಿ. ಯಾಕೆಂದರೆ ಸಾಫ್ಟ್‌ವೇರನ್ನು ಡಾಕರ್‌ನಲ್ಲಿ, ಅಂದರೆ ಡಬ್ಬಿಯೊಳಗಿಟ್ಟಂತೆ ಬೇರೆಯಾಗಿ ಓಡಿಸುವ ವ್ಯವಸ್ಥೆಯಲ್ಲಿ, ಹಾಕಿದರೆ, ಡಾಕರ್ ತೆರೆದ ಬಾಗಿಲುಗಳು ಯುಎಫ್‌ಡಬ್ಲ್ಯೂ ಬೇಲಿಯನ್ನು ದಾಟಿ ಹೊರಗೆ ಕಾಣುತ್ತವೆ, ಒಳಗಿಂದ ನೋಡಿದರೆ ಎಲ್ಲ ಮುಚ್ಚಿದೆ ಅಂತಲೇ ತೋರಿಸುತ್ತದೆ. ಎಷ್ಟೋ ಅನುಭವಸ್ಥರಿಗೂ ಇದು ಗೊತ್ತಿರುವುದಿಲ್ಲ. "22ನ್ನು ಆಫೀಸಿನ ಐಪಿಗೆ ಮಾತ್ರ ಬಿಡೋಣ" ಎನ್ನುವ ಸಲಹೆ ಪುಸ್ತಕದಲ್ಲಿ ಚೆಂದ. ನಮ್ಮ ಕಡೆಯ ಬ್ರಾಡ್‌ಬ್ಯಾಂಡ್ ಐಪಿ ರೂಟರ್ ಆರಿ ಹತ್ತಿದಾಗೊಮ್ಮೆ ಬದಲಾಗಬಹುದು, ಮೊಬೈಲ್ ಡೇಟಾದಲ್ಲಂತೂ ಸಾವಿರಾರು ಜನಕ್ಕೆ ಒಂದೇ ಐಪಿ. ಅದರ ಬದಲು ವೈರ್‌ಗಾರ್ಡ್ ವಿಪಿಎನ್, ಅಂದರೆ ನಿಮ್ಮವರಿಗಷ್ಟೇ ತೆರೆಯುವ ಖಾಸಗಿ ದಾರಿ, ಹಾಕಿಸಿ. 2020ರಿಂದ ಅದು ಲಿನಕ್ಸ್ ಕರ್ನೆಲ್‌ನಲ್ಲೇ ಇದೆ, ಫೋನಿನಲ್ಲೂ ನಡೆಯುತ್ತದೆ. ಭದ್ರತಾ ತಿದ್ದುಪಡಿಗಳು ತಾವೇ ಇಳಿಯುವಂತೆ ಇಡಿ. ಆದರೆ ಮರುಚಾಲನೆ ಮಾತ್ರ ಭಾನುವಾರ ನಸುಕಿಗೆ.

ಈಗ ಬ್ಯಾಕಪ್. ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಹಿಂದೊಮ್ಮೆ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿಗೆ ಸರ್ವರ್ ಮಾಡಿಕೊಟ್ಟಿದ್ದೆ. ಪ್ರತಿ ರಾತ್ರಿ ಡೇಟಾಬೇಸ್ ಹೊರತೆಗೆದು, ಜಿಪ್ ಮಾಡಿ, ದಿನಾಂಕದ ಹೆಸರಿಟ್ಟು ಬೇರೆ ಕಡೆ ಕಳಿಸುವ ಸ್ಕ್ರಿಪ್ಟ್. ಫೋಲ್ಡರಿನಲ್ಲಿ ದಿನಕ್ಕೊಂದು ಫೈಲ್ ನೀಟಾಗಿ ಸಾಲಾಗಿ ಕೂತಿರುತ್ತಿತ್ತು. ತಿಂಗಳಿಗೊಮ್ಮೆ ನೋಡಿ "ಬರುತ್ತಿದೆ" ಅಂದುಕೊಳ್ಳುತ್ತಿದ್ದೆ. ಮುಂದೆ ಮಿಲ್ಲಿನವರು ಹಳೆಯ ವೋಚರ್ ಒಂದನ್ನು ಹುಡುಕಬೇಕೆಂದಾಗ ಫೈಲ್ ಬಿಚ್ಚಿದೆ, ಒಳಗೆ ಏನೂ ಇಲ್ಲ. ಗಾತ್ರ ನೋಡಿದೆ: 20 ಬೈಟ್. ಅದರ ಹಿಂದಿನ ದಿನದ್ದು 20 ಬೈಟ್. ಅದರ ಹಿಂದಿನದೂ 20. ನಾನೇ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿ, ಸ್ಕ್ರಿಪ್ಟಿನಲ್ಲಿ ಬದಲಿಸಲು ಮರೆತಿದ್ದೆ. ಡೇಟಾ ಹೊರಬರದೆ ಹೋದರೂ ಜಿಪ್ ಮಾಡುವವನು ತನ್ನ ಕೆಲಸ ತಪ್ಪಿಸಿರಲಿಲ್ಲ, ಖಾಲಿಯನ್ನೇ ಜಿಪ್ ಮಾಡಿ ಕೊಡುತ್ತಿದ್ದ. ಖಾಲಿಯನ್ನು ಜಿಪ್ ಮಾಡಿದರೆ ಬರುವುದು ಸರಿಯಾಗಿ 20 ಬೈಟ್. ಸರ್ವರ್ ನಡೆಯುತ್ತಿತ್ತು, ದೇವರು ದೊಡ್ಡವನು. ಅಂದಿನಿಂದ ನನ್ನ ಕಣ್ಣು ಹೋಗುವುದು ಫೈಲಿನ ಹೆಸರಿಗಲ್ಲ, ಗಾತ್ರಕ್ಕೆ.

ನಿಮಗೆ ಬೇಕಾದದ್ದು ಮೂರು ಜಾಗ. ಒಂದು ಪ್ರತಿ ಯಂತ್ರದಲ್ಲೇ. ಒಂದು ಪ್ರತಿ ಕ್ಲೌಡ್ ಕಂಪನಿಯ ಆಬ್ಜೆಕ್ಟ್ ಸ್ಟೋರೇಜಿನಲ್ಲಿ, ಅಂದರೆ ಯಂತ್ರದ ಹೊರಗಿನ ಫೈಲ್ ಉಗ್ರಾಣದಲ್ಲಿ, ಇಷ್ಟು ದಿನ ಅಳಿಸಲಾಗದು ಎಂಬ ಬೀಗದೊಂದಿಗೆ. ಯಂತ್ರಕ್ಕೆ ನುಗ್ಗಿದವರು ಮೊದಲು ಹುಡುಕುವುದು ಬ್ಯಾಕಪ್ಪನ್ನೇ. ಮೂರನೆಯದು ವಾರಕ್ಕೊಮ್ಮೆ ಬ್ಯಾಡಗಿ ಅಂಗಡಿಗೆ ಇಳಿಸಿ ಹೊರಗಿನ ಹಾರ್ಡ್‌ಡಿಸ್ಕಿಗೆ, ಇಳಿಸಿದ ಮೇಲೆ ತಂತಿ ಕಿತ್ತಿಡಿ. "ಸ್ನ್ಯಾಪ್‌ಶಾಟ್ ಇದೆಯಲ್ಲ" ಎಂದು ಹುಡುಗ ಹೇಳಬಹುದು. ಇರಲಿ, ಒಳ್ಳೆಯದೇ. ಆದರೆ ಸ್ನ್ಯಾಪ್‌ಶಾಟ್ ಅಂದರೆ ಓಡುತ್ತಿರುವ ಯಂತ್ರದ ಕರೆಂಟ್ ಒಮ್ಮೆಲೇ ಕಿತ್ತಂತೆ ತೆಗೆದ ಚಿತ್ರ, ಮತ್ತು ಅದು ಅದೇ ಖಾತೆಯೊಳಗೇ ಇರುತ್ತದೆ. ಖಾತೆ ಹೋದರೆ ಅದೂ ಹೋಯಿತು.

ಇಆರ್‌ಪಿನೆಕ್ಸ್ಟ್‌ನ ಬ್ಯಾಕಪ್ಪಿನಲ್ಲಿ ಡೇಟಾಬೇಸ್ ಮಾತ್ರ ಸಾಲದು. ತೂಕದ ಚೀಟಿಯ ಫೋಟೊ, ಲಗತ್ತಿಸಿದ ಬಿಲ್ ಇತ್ಯಾದಿ ಬೇರೆ ಫೋಲ್ಡರಿನಲ್ಲಿರುತ್ತವೆ, ಅವನ್ನೂ ಸೇರಿಸುವಂತೆ ಹೇಳಬೇಕು. ಇನ್ನೊಂದು ಸಣ್ಣ ಫೈಲಿದೆ, ಸೈಟ್ ಕಾನ್ಫಿಗ್ ಎಂದು. ಅದರಲ್ಲಿ ಗೂಢಲಿಪಿಯ ಕೀಲಿಕೈ ಇದೆ. ಅದಿಲ್ಲದೆ ಡೇಟಾ ಮರಳಿ ಹಾಕಿದರೆ ಲೆಕ್ಕ ಬರುತ್ತದೆ, ಆದರೆ ಒಳಗೆ ಉಳಿಸಿಟ್ಟ ಇಮೇಲ್ ಪಾಸ್‌ವರ್ಡ್, ಇ-ಇನ್‌ವಾಯ್ಸ್ ಸಂಪರ್ಕದ ಪಾಸ್‌ವರ್ಡ್ ಯಾವುದೂ ತೆರೆಯುವುದಿಲ್ಲ. ವಹಿವಾಟು 5 ಕೋಟಿ ದಾಟಿ ಇ-ಇನ್‌ವಾಯ್ಸ್ ಮಾಡುತ್ತಿದ್ದರೆ ಆ ದಿನ ಬಿಲ್ಲಿಂಗೇ ನಿಂತಂತೆ.

ಎರಡು ತಿಂಗಳಿಗೊಮ್ಮೆ ಒಂದು ಬುಧವಾರ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೊಸ ಖಾಲಿ ಯಂತ್ರ ಎಬ್ಬಿಸಿ, ನಿನ್ನೆಯ ಬ್ಯಾಕಪ್ ಅದರಲ್ಲಿ ಹಾಕಿ, ಕೊನೆಯ ಪಟ್ಟಿಯ ನಂಬರು ಅಂಗಡಿಯ ಪುಸ್ತಕದ ಜೊತೆ ಹೊಂದುತ್ತದೆಯೇ ನೋಡಿ, ಯಂತ್ರ ಅಳಿಸಿ. ಮೂರು ಗಂಟೆಯ ಬಾಡಿಗೆ ಒಂದು ಗಿರ್ಮಿಟ್, ಮಿರ್ಚಿ ತಿಂದಷ್ಟು.

ಗಡಿಯಾರದ ಮಾತೂ ಇಲ್ಲೇ ಬರಲಿ. ಕ್ಲೌಡ್ ಯಂತ್ರಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಹುಟ್ಟುತ್ತವೆ, ನಮಗಿಂತ ಐದೂವರೆ ಗಂಟೆ ಹಿಂದೆ. "ಬೆಳಿಗ್ಗೆ 6ಕ್ಕೆ ಬ್ಯಾಕಪ್, ಆಗ ಯಾರೂ ಇರುವುದಿಲ್ಲ" ಎಂದು ಹಾಕಿದ್ದು ನಿಜವಾಗಿ ಓಡುವುದು 11.30ಕ್ಕೆ, ಯಾರ್ಡಿನಲ್ಲಿ ಲಾಟ್ ಹಚ್ಚುವ ಗದ್ದಲದ ನಡುವೆ. ಸೋಮವಾರ-ಗುರುವಾರ ಮಾತ್ರ ನಿಧಾನ, ಉಳಿದ ದಿನ ಸರಿ ಎಂಬ ದೂರು ಬಂದರೆ ನಾನು ಮೊದಲು ನೋಡುವುದು ಯಂತ್ರದ ಟೈಮ್‌ಝೋನ್. ಏಷ್ಯಾ-ಕೋಲ್ಕತಾಕ್ಕೆ ಬದಲಿಸಿ, ನಿಗದಿತ ವೇಳೆಗೆ ಕೆಲಸ ಓಡಿಸುವ ಕ್ರಾನ್ ಸೇವೆಯನ್ನು ಮರುಚಾಲನೆ ಮಾಡಿಸಿ.

ಕನ್ನಡದ ವಿಷಯಕ್ಕೆ ಬಂದರೆ, ನಿಮ್ಮ ಡೆಸ್ಕ್‌ಟಾಪಿನಲ್ಲಿ ಕಾಣದ ಒಂದು ಫಜೀತಿ ಕ್ಲೌಡಿನಲ್ಲಿ ಕಾಣಿಸಿಕೊಳ್ಳುತ್ತದೆ. ರೈತನ ಹೆಸರು, ಊರು ಪರದೆಯ ಮೇಲೆ ಸರಿಯಾಗಿರುತ್ತದೆ, ಪಿಡಿಎಫ್ ಪಟ್ಟಿ ತೆಗೆದರೆ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳ ಸಾಲು. ಕಾರಣ ಸರಳ: ಪರದೆಗೆ ಅಕ್ಷರ ಬರೆಯುವುದು ನಿಮ್ಮ ಕಂಪ್ಯೂಟರ್, ಪಿಡಿಎಫ್ ಬರೆಯುವುದು ಸರ್ವರ್, ಸರ್ವರ್ ಯಂತ್ರದಲ್ಲಿ ಕನ್ನಡ ಫಾಂಟೇ ಇರುವುದಿಲ್ಲ. ಉಬುಂಟುವಿನ ಭಂಡಾರದಲ್ಲೇ ನವಿಲು, ಗುಬ್ಬಿ ಫಾಂಟುಗಳಿವೆ, ನೋಟೊ ಕೂಡ ಇದೆ. ಎರಡು ನಿಮಿಷದ ಕೆಲಸ. ಹಳೆಯ ರೈತರ ಪಟ್ಟಿ ನುಡಿಯ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿದ್ದರೆ ಮಾತ್ರ ಫಾಂಟಿನಿಂದ ಬಗೆಹರಿಯದು, ಏರಿಸುವ ಮುಂಚೆ ಯೂನಿಕೋಡಿಗೆ ಬದಲಿಸಬೇಕು. ಬದಲಿಸಿದ ಮೇಲೆ ಒತ್ತಕ್ಷರದ ಹೆಸರುಗಳನ್ನು ಒಬ್ಬರು ಕಣ್ಣಾಡಿಸಲಿ. ಬಿಲ್‌ಗಳನ್ನು ಇಮೇಲ್ ಮಾಡುವುದಾದರೆ 25ನೇ ಪೋರ್ಟ್ ದೊಡ್ಡ ಕಂಪನಿಗಳಲ್ಲೆಲ್ಲ ಮುಚ್ಚಿರುತ್ತದೆ, ನಿಮ್ಮ ಕಂಪನಿಯಲ್ಲಿ ತೆರೆದಿರುವ ಬೇರೆ ಪೋರ್ಟಿನಲ್ಲಿ ಇಮೇಲ್ ಸೇವೆಯೊಂದನ್ನು ಜೋಡಿಸಿ.

ಇಷ್ಟೆಲ್ಲ ಓದಿ "ಇದನ್ನು ಯಾರು ನೋಡಿಕೊಳ್ಳಬೇಕು" ಅನ್ನಿಸಿದ್ದರೆ ತಪ್ಪೇನಿಲ್ಲ. ಹುಡುಗ ವಾರಕ್ಕೆ ಎರಡು ತಾಸು ಇದಕ್ಕೆ ಕೊಡಲಾರನಾದರೆ ಬರಿಯ ವಿಎಂ ಬೇಡ. ಇಆರ್‌ಪಿನೆಕ್ಸ್ಟ್ ಮಾಡುವ ಫ್ರಾಪೆಯವರೇ ನಡೆಸುವ ಕ್ಲೌಡ್ ಸೇವೆಯಿದೆ. ಯಂತ್ರ, ತಿದ್ದುಪಡಿ, ಬ್ಯಾಕಪ್ ಅವರು ನೋಡಿಕೊಳ್ಳುತ್ತಾರೆ, ಬಾಡಿಗೆ ಒಂದಿಷ್ಟು ಹೆಚ್ಚು. ಅಲ್ಲೂ ಖಾತೆ ನಿಮ್ಮ ಇಮೇಲಿನಲ್ಲೇ, ವಾರದ ಬ್ಯಾಕಪ್ ಇಳಿಸುವುದೂ ನಿಮ್ಮದೇ.

ಕೊನೆಗೆ ಸಮಯ. ಜನವರಿಯಿಂದ ಏಪ್ರಿಲ್ ಒಳಗೆ ಮುಟ್ಟಲೇಬೇಡಿ. ಆಗಸ್ಟ್, ಸೆಪ್ಟೆಂಬರ್ ಒಳ್ಳೆಯದು. ಅಂಗಡಿಗೆ ಎರಡು ಇಂಟರ್ನೆಟ್ ದಾರಿ ಮೊದಲೇ ಮಾಡಿಕೊಳ್ಳಿ, ಒಂದು ಫೈಬರ್, ಒಂದು 4ಜಿ ರೂಟರ್, ಎರಡೂ ಯುಪಿಎಸ್ ಮೇಲೆ. ತೂಕದ ಚೀಟಿ ಕಾಗದದ ಮೇಲೆ ಬರೆಯುವುದನ್ನು ನಿಲ್ಲಿಸಬೇಡಿ. ಮೊದಲು ಹಳೆಯ ಡೇಟಾದ ಒಂದು ನಕಲು ಕ್ಲೌಡಿಗೆ ಏರಿಸಿ, ಎರಡು ಟೆಂಡರ್ ದಿನ ಇಬ್ಬರು ಗುಮಾಸ್ತರು ಎರಡರಲ್ಲೂ ನಮೂದಿಸಲಿ, ಸಂಜೆ ಒಟ್ಟು ಚೀಲ ಮತ್ತು ಒಟ್ಟು ರೂಪಾಯಿ ತಾಳೆ ನೋಡಿ. ಆಮೇಲೆ ಒಂದು ಶನಿವಾರ ರಾತ್ರಿ ಕೊನೆಯ ಬ್ಯಾಕಪ್ ತೆಗೆದು ಏರಿಸಿ, ಡೆಸ್ಕ್‌ಟಾಪಿನ ನೆಟ್‌ವರ್ಕ್ ತಂತಿ ಕಿತ್ತುಬಿಡಿ. ತಂತಿ ಹಾಗೇ ಬಿಟ್ಟರೆ ಹಳೆಯ ಬುಕ್‌ಮಾರ್ಕ್ ಒತ್ತಿ ಯಾರಾದರೊಬ್ಬರು ಸೋಮವಾರ ಬೆಳಿಗ್ಗೆ ಅದರಲ್ಲೇ ನಲವತ್ತು ಲಾಟ್ ಹೊಡೆದಿರುತ್ತಾರೆ. ಡೆಸ್ಕ್‌ಟಾಪನ್ನು ಫಾರ್ಮ್ಯಾಟ್ ಮಾಡಿ ಮಗನಿಗೆ ಕೊಡುವುದೇನಿದ್ದರೂ ಮುಂದಿನ ಸೀಜನ್ ಮುಗಿದು ಆಡಿಟ್ ಆದ ಮೇಲೆ.